ಹಾಡುವವರು ನಿಂತ ಜಾಗ

ಅವರ ಬಲಗಿವಿ ಎಡಗಿವಿಗಿಂತ ಒಂದಿಷ್ಟು ಮುಂದಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಮೂವತ್ತು ವರ್ಷ ಆ ಕಿವಿಯ ಹಿಂದೆ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡು ಓಡಾಡಿದ್ದರ ಫಲ. ಮಫ್ಲರು ಸುತ್ತಿ ಅದರ ಮೇಲೊಂದು ಉಣ್ಣೆ ಟೋಪಿ ಹಾಕಿದರೂ ಆ ಕಿವಿ ಮಾತ್ರ ಹೊರಗೇ ಇರುತ್ತಿತ್ತು. "ಕಿವಿ ಮುಚ್ಕೊಂಡ್ರೆ ನನ್ ಹೊಟ್ಟೆ ಮುಚ್ಕೋತದೆ ಅಕ್ಕಾ" ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದರು. ನಾನು ಅವರನ್ನು ಸ್ಪೀಕರ್ ಅಣ್ಣ ಎನ್ನುತ್ತಿದ್ದೆ. ಊಟಿಯಲ್ಲಿ ಬಹಳ ಜನಕ್ಕೆ ಅವರ ಹೆಸರೇ ಗೊತ್ತಿರಲಿಲ್ಲ.

ಅವರ ತಂದೆ ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು. ನಮ್ಮ ತಂದೆಯೂ ಹಾಗೇ ಬಂದವರು, ಅದರಿಂದ ಮನೆಯ ಕನ್ನಡ ಇಬ್ಬರಿಗೂ ಒಂದೇ. ಮಾರ್ಕೆಟ್ ಹಿಂದಿನ ಇಳಿಜಾರಿನಲ್ಲಿ ಅವರದೊಂದು ರಿಪೇರಿ ಅಂಗಡಿ. ಇಲ್ಲಿನ ಮಂಜಿನ ತೇವಕ್ಕೆ ಸ್ಪೀಕರಿನೊಳಗಿನ ಕಾಗದ ಮೆತ್ತಗಾಗುತ್ತದೆ. "ಈ ಊರಲ್ಲಿ ಮನುಷ್ಯರ್ಗಿಂತ ಮುಂಚೆ ಸ್ಪೀಕರ್ಗೆ ನೆಗಡಿ ಬತ್ತದೆ" ಎಂದು ನಗುತ್ತ ಬಿಚ್ಚಲು ಕೂರುತ್ತಿದ್ದರು. ಆದರೆ ಅವರಿಗೆ ನಿಜವಾದ ಹೆಸರು ತಂದದ್ದು ರಿಪೇರಿಯಲ್ಲ, ಸ್ಪೀಕರ್ ಪೆಟ್ಟಿಗೆಗಳನ್ನು ಎಲ್ಲಿಡಬೇಕು ಎಂಬ ವಿದ್ಯೆ.

ನಮ್ಮ ಮನೆಯಲ್ಲಿ ಆ ವಿಷಯಕ್ಕೆ ದಿನಾ ಜಗಳ. ನನ್ನ ಗಂಡ ಟೀ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬಂದರೆ ಅವರಿಗೆ ತಮಿಳು ಸಿನಿಮಾದ ಹೊಡೆದಾಟ ಬೇಕು, ಮನೆಯ ಗಾಜು ಅದುರಬೇಕು. ನನಗೆ ಹಾಡು ಬೇಕು. ಅವರು ಎರಡು ಸ್ಪೀಕರುಗಳನ್ನೂ ಟಿವಿಗೆ ಅಂಟಿಸಿ ಇಟ್ಟರೆ ನಾನು ಮಧ್ಯಾಹ್ನ ಎರಡನ್ನೂ ಗೋಡೆಯ ಎರಡು ಮೂಲೆಗೆ ತಳ್ಳುತ್ತಿದ್ದೆ. ಅಂಟಿಸಿಟ್ಟರೆ ಹಾಡೆಲ್ಲ ಒಂದೇ ಮುದ್ದೆ. ಮೂಲೆಗೆ ತಳ್ಳಿದರೆ ಹೀರೋ ಇಲ್ಲಿ, ಅವನ ಮಾತು ಕಿಟಕಿಯ ಹತ್ತಿರ. ಕೊನೆಗೆ ಸ್ಪೀಕರ್ ಅಣ್ಣನನ್ನು ಕರೆದೆವು.

ಬಂದವರು ಮೊದಲು ಪೆಟ್ಟಿಗೆಗಳನ್ನು ಮುಟ್ಟಲೇ ಇಲ್ಲ. ಸೋಫಾವನ್ನು ಹಿಂಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದರು. ಅಡುಗೆಮನೆಗೆ ಹೋಗುವ ದಾರಿ ಅರ್ಧ ಮುಚ್ಚಿತು, ನನ್ನ ಗಂಡನ ಮುಖ ಪೂರ್ತಿ ಮುಚ್ಚಿತು. ಆಮೇಲೆ ಜೇಬಿನಿಂದ ದಾರದ ಉಂಡೆ ತೆಗೆದು ನನ್ನನ್ನು ಸೋಫಾದ ನಡುವೆ ಕೂರಿಸಿ, ದಾರದ ಒಂದು ತುದಿಯನ್ನು ನನ್ನ ಮೂಗಿನ ಹತ್ತಿರ ಹಿಡಿಯಲು ಹೇಳಿದರು. ನನ್ನಿಂದ ಎಡ ಪೆಟ್ಟಿಗೆಗೆ ಎಷ್ಟು ದಾರವೋ ಬಲ ಪೆಟ್ಟಿಗೆಗೂ ಅಷ್ಟೇ, ಪೆಟ್ಟಿಗೆಯಿಂದ ಪೆಟ್ಟಿಗೆಗೂ ಅಷ್ಟೇ. ಟಿವಿ ಸರಿಯಾಗಿ ಮಧ್ಯಕ್ಕೆ. ಪೆಟ್ಟಿಗೆಗಳು ಅದಕ್ಕಿಂತ ಒಂದು ಗೇಣು ಮುಂದೆ, ಗೋಡೆ ಬಿಟ್ಟು, ನನ್ನ ಕಡೆಗೆ ತುಸು ಮುಖ ತಿರುಗಿಸಿ, ನನ್ನ ಕಿವಿಯ ಎತ್ತರಕ್ಕೆ. ನೆಲದ ಮೇಲೆ ಸೀಮೆಸುಣ್ಣದ ಗುರುತು ಬಿತ್ತು. "ಸಿನಿಮಾಗೊಂದು ಜಾಗ, ಹಾಡಿಗೊಂದು ಜಾಗ ಅಂತ ಇಲ್ಲಕ್ಕ. ಪೆಟ್ಟಿಗೆ ಸುಳ್ಳು ಹೇಳಕ್ಕಿಲ್ಲ, ಇಟ್ಟೋನು ಹೇಳಿಸ್ತಾನೆ" ಎಂದರು.

ಕೊನೆಗೊಂದು ಪರೀಕ್ಷೆ ಇರುತ್ತಿತ್ತು. ಅದನ್ನು ಮಾಡದೆ ಅವರು ಯಾರ ಮನೆಯಿಂದಲೂ ಹೊರಟವರಲ್ಲ. ಹಾಡು ಹಾಕಿ, ಮನೆಯವರಿಗೆ ಕಣ್ಣು ಮುಚ್ಚಲು ಹೇಳಿ, "ಹಾಡೋರು ಎಲ್ಲಿ ನಿಂತವ್ರೆ? ಬೆರಳು ತೋರ್ಸಿ" ಎನ್ನುತ್ತಿದ್ದರು. ನಾನು ತೋರಿಸಿ ಕಣ್ಣು ಬಿಟ್ಟೆ. ಬೆರಳು ಟಿವಿಯ ನಡುಮಧ್ಯಕ್ಕಿತ್ತು, ಪೆಟ್ಟಿಗೆಯೇ ಇಲ್ಲದ ಕಡೆ. ನನ್ನ ಗಂಡನೂ ಸಿನಿಮಾ ಹಾಕಿ ನೋಡಿದರು. ಮಾತು ನಟನ ಬಾಯಿಂದಲೇ ಬರುತ್ತಿತ್ತು. ಅವತ್ತಿನಿಂದ ಮನೆಯಲ್ಲಿ ಆ ಜಗಳ ನಿಂತಿತು, ಬೇರೆ ಜಗಳಗಳು ಇದ್ದೇ ಇದ್ದವು.

ಆ ಮೇಲೆ ಆರೇಳು ವರ್ಷ ಅವರು ನಮ್ಮ ಮನೆಯವರಂತೆ ಬಂದು ಹೋಗುತ್ತಿದ್ದರು. ಬೇರೆಯವರ ಮನೆ ಕೆಲಸದಲ್ಲಿ ಅನುಮಾನ ಬಂದರೆ ನಮ್ಮ ಸೋಫಾದಲ್ಲಿ ಕೂತು ಒಂದು ಹಾಡು ಕೇಳಿ ಹೋಗುವರು. ಅವರ ಲೆಕ್ಕದಲ್ಲಿ ನಮ್ಮ ಹಜಾರವೇ ಸರಿಯಾದ ತಕ್ಕಡಿ.

ಒಂದು ಜನವರಿಯ ಬೆಳಿಗ್ಗೆ ಬಂದರು. ಹಿಂದಿನ ದಿನ ಬೆಟ್ಟದ ಕೆಳಗಿನ ಮಾವನಲ್ಲ ಎಂಬ ಊರಿನ ಒಂದು ಹೋಂಸ್ಟೇಯಲ್ಲಿ ಕೆಲಸ ಮುಗಿಸಿ ಕಲ್ಲಟ್ಟಿ ಘಾಟ್ ಹತ್ತಿ ಬಂದಿದ್ದರು. "ಬಲಗಿವಿ ಅಡಚ್ಕೊಂಡದೆ ಅಕ್ಕಾ. ಒಳಗೆ ಕುಯ್ ಅಂತದೆ" ಎಂದರು. ಇಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಘಾಟ್ ಹತ್ತಿದರೆ ಎಲ್ಲರ ಕಿವಿಯೂ ಅಡಚುತ್ತದೆ, ಒಂದು ಆಕಳಿಕೆ ಬಂದರೆ ಬಿಡುತ್ತದೆ. ನಾನೂ ಹಾಗೇ ಹೇಳಿದೆ. ಅವರು ಹಾಡು ಹಾಕಿಸಿಕೊಂಡು ಕಣ್ಣು ಮುಚ್ಚಿ ಬೆರಳು ಎತ್ತಿದರು.

ಬೆರಳು ಎಡ ಪೆಟ್ಟಿಗೆಯ ನೇರಕ್ಕಿತ್ತು.

ಕಣ್ಣು ಬಿಟ್ಟು ತಮ್ಮ ಬೆರಳನ್ನೇ ನೋಡಿದರು. ಆ ಮುಖವನ್ನು ನಾನು ಮರೆಯಲಾರೆ. ಅಷ್ಟು ಹೆದರಿದ ಗಂಡಸಿನ ಮುಖವನ್ನು ನಾನು ಕಂಡಿರಲಿಲ್ಲ. "ಪೆಟ್ಟಿಗೆ ಜರುಗ್ಯದೋ, ಕಿವಿ ಹೋಯ್ತೋ? ನೀವು ಕೂತು ತೋರ್ಸಿ ಅಕ್ಕಾ" ಎಂದರು. ಮಾರನೆಯ ದಿನ ಕಟ್ಟಬೆಟ್ಟುವಿನಲ್ಲಿ ದೊಡ್ಡ ಕೆಲಸವಿತ್ತು. ಟೀ ತೋಟದವರೊಬ್ಬರ ಹೊಸ ಮನೆ, ಸಿನಿಮಾ ನೋಡಲೆಂದೇ ಕಟ್ಟಿಸಿದ ದೊಡ್ಡ ಕೋಣೆ. ವರ್ಷದಿಂದ ಅದರ ಮಾತೇ ಆಡುತ್ತಿದ್ದರು. ನಾನು ಕೂತೆ, ಕಣ್ಣು ಮುಚ್ಚಿದೆ. ಹಾಡುವವಳು ಎಂದಿನಂತೆ ನಟ್ಟನಡುವೆ ನಿಂತಿದ್ದಳು. ನಾನು ಬೆರಳನ್ನು ಎಡಕ್ಕೆ ತೋರಿಸಿದೆ.

ಕರುಣೆ ಅಂದುಕೊಂಡೆ. ಎರಡು ದಿನದಲ್ಲಿ ಬಿಡುವ ಕಿವಿಗೆ ಇವರೇಕೆ ಇಷ್ಟು ಹೆದರಬೇಕು, ನಾಳೆಯ ಕೆಲಸ ಯಾಕೆ ಹಾಳಾಗಬೇಕು ಅಂದುಕೊಂಡೆ. ಇಂಥ ಕರುಣೆಗೆ ಬೆಂಕಿ ಹಾಕ. ಅವರು ಉಸಿರು ಬಿಟ್ಟು, "ಹಂಗಾರೆ ಪೆಟ್ಟಿಗೇದೇ ತಪ್ಪು" ಎಂದು ಬಲ ಪೆಟ್ಟಿಗೆಯನ್ನು ಮುಂದಕ್ಕೆಳೆದು, ಹೊಸ ಗುರುತು ಹಾಕಿ, ಕಾಫಿ ಕುಡಿದು ಹೋದರು. ಸಂಜೆ ನನ್ನ ಗಂಡ, "ಏನಿದು, ಎಲ್ಲಾ ಬಲಕ್ಕೆ ವಾಲಿದೆ?" ಎಂದರು. "ಇರಲಿ ಬಿಡಿ" ಎಂದೆ.

ಕಟ್ಟಬೆಟ್ಟುವಿನ ಆ ಕೋಣೆಯ ಸದ್ದು ಕೂಡ ಬಲಕ್ಕೇ ವಾಲಿತು. ಆ ಮನೆಯವರು ಬೈಯಲಿಲ್ಲ, ಕೊಯಮತ್ತೂರಿನಿಂದ ಬೇರೆಯವರನ್ನು ಕರೆಸಿ ಎಲ್ಲವನ್ನೂ ಬದಲಿಸಿದರು. ಸುದ್ದಿ ಹಬ್ಬಿತು. ಸ್ಪೀಕರ್ ಅಣ್ಣ ಮಾತ್ರ ಪೆಟ್ಟಿಗೆಗಳನ್ನೇ ಅನುಮಾನಿಸುತ್ತ, ಬಿಚ್ಚುತ್ತ, ಜೋಡಿಸುತ್ತ ಮೂರು ವಾರ ಕಳೆದರು. ಒಂದು ದಿನ ಫೋನನ್ನು ಬಲಗಿವಿಗೆ ಹಿಡಿದಾಗ ಏನೂ ಕೇಳಿಸಲಿಲ್ಲ. ಅವರ ಹೆಂಡತಿಗೆ ಮಂಡಿನೋವು, ಘಾಟ್ ಇಳಿಯಲಾರರು. ಕೊಯಮತ್ತೂರಿನ ಕಿವಿ ಡಾಕ್ಟರರ ಬಳಿಗೆ ನಾನು ಜೊತೆಗೆ ಹೋದೆ.

ಡಾಕ್ಟರು ಯಾವಾಗಿನಿಂದ ಹೀಗೆ ಎಂದು ತಮಿಳಿನಲ್ಲಿ ಕೇಳಿದರು. ಇವರು ಬೆರಳು ಮಡಿಸಿ ದಿನ ಲೆಕ್ಕ ಹಾಕಿ, ಘಾಟ್ ಹತ್ತಿ ಬಂದ ಮಾರನೆಯ ದಿನ ಚೆನ್ನಾಗೇ ಇತ್ತು, ಪರೀಕ್ಷೆ ಮಾಡಿ ನೋಡಿದೆ, ಬೇಕಾದರೆ ಈ ಅಕ್ಕನನ್ನೇ ಕೇಳಿ ಎಂದು ನನ್ನನ್ನು ತೋರಿಸಿದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಒಳಗಿನ ನರ ಹೋಗಿದೆ, ಕಿವಿ ಅಡಚಿದ ಮೊದಲ ಒಂದೆರಡು ವಾರದಲ್ಲೇ ಬಂದಿದ್ದರೆ ಔಷಧ ಕೊಟ್ಟು ನೋಡಬಹುದಿತ್ತು, ಖಂಡಿತ ಎನ್ನಲಾರೆ ಆದರೆ ನೋಡಬಹುದಿತ್ತು ಎಂದರು ಡಾಕ್ಟರು. ಸ್ಪೀಕರ್ ಅಣ್ಣ ಎದ್ದು ಅವರಿಗೆ ಕೈಮುಗಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ನಾನು ಅವರ ಬಲಕ್ಕೆ ಕೂತೆ. ಮೇಟುಪಾಳ್ಯಂ ದಾಟಿ ಬಸ್ಸು ಏರಲು ತೊಡಗಿತು. ಇಂಜಿನ್ನಿನ ಸದ್ದಿನಲ್ಲಿ ನಾನು ಎಲ್ಲವನ್ನೂ ಹೇಳಿದೆ. ಹಾಡುವವಳು ನಡುವೆಯೇ ಇದ್ದದ್ದು, ನಾನು ಬೇಕೆಂದೇ ಎಡಕ್ಕೆ ತೋರಿಸಿದ್ದು, ಡಾಕ್ಟರರ ಮುಂದೆ ಮತ್ತೊಮ್ಮೆ ಸುಳ್ಳಾಡಿದ್ದು. ಒಂದು ಮಾತನ್ನೂ ಬಿಡದೆ ಹೇಳಿದೆ, ಅವರ ಸತ್ತ ಕಿವಿಗೆ. ನನ್ನ ತುಟಿ ಅಲುಗಿದ್ದು ಕಂಡಿತೇನೋ, ಇಡೀ ಮೈ ತಿರುಗಿಸಿ ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, "ಏನಂದ್ರಿ ಅಕ್ಕಾ?" ಎಂದರು.

"ಏನಿಲ್ಲಣ್ಣ. ಚಳಿ ಶುರುವಾಯ್ತು ಅಂದೆ."

"ಹೂಂ. ಮಫ್ಲರ್ ಕೊಡ್ಲಾ?" ಎಂದು ತಮ್ಮದನ್ನೇ ಬಿಚ್ಚಿ ಕೊಟ್ಟರು.

ಅಂಗಡಿ ಮುಚ್ಚಿತು. ಅವರು ಮನೆಯ ಜಗುಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ರೇಡಿಯೋ ಕೂಡ ಬೇಡವೆನ್ನುತ್ತಿದ್ದರು. ಹೋದ ಚಳಿಗಾಲ ಎದೆನೋವು ಬಂದು ತೀರಿಕೊಂಡರು. ಹೆಣದ ಪಕ್ಕ ಕೂತಿದ್ದ ಅವರ ಹೆಂಡತಿ ನನ್ನ ಕೈ ಹಿಡಿದು, "ನಮ್ಮೋರು ಕೊನೇಗಂಟ ನಿಮ್ ಹೆಸರೇ ಹೇಳೋರು. ಅಕ್ಕ ಒಬ್ರೇ ನನ್ ಜೊತೆ ಬಂದಿದ್ದು ಅನ್ನೋರು" ಎಂದರು. ನಾನು ಅಲ್ಲಿಯೂ ತಲೆಯಾಡಿಸಿದೆ.

ಆ ಬಸ್ಸಿನ ದಿನದಿಂದ ಅವರು ಎರಡು ವರ್ಷ ಬದುಕಿದ್ದರು. ವಾರಕ್ಕೊಮ್ಮೆ ನಾನು ಅವರ ಮನೆಗೆ ಹೋಗುತ್ತಿದ್ದೆ, ಕಾಫಿ ಕುಡಿಯುತ್ತಿದ್ದೆ, ಹವಾಮಾನದ ಮಾತಾಡುತ್ತಿದ್ದೆ. ಅವರ ಎಡಗಿವಿ ಕೊನೆಯವರೆಗೂ ಚೆನ್ನಾಗಿಯೇ ಕೇಳುತ್ತಿತ್ತು.