ಕೌದಿಯೊಳಗಿನ ಬಂದೂಕು

ಚುನಾವಣೆ ಬಂದರೆ ಪರವಾನಗಿಯ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕೆಂಬುದು ನಿಯಮ. ಅಂದು ಕಡೆಯ ದಿನ. ಕಬ್ಬಿಗೆ ಬರುವ ಹಂದಿಗಳನ್ನು ಬೆದರಿಸಲು ನಮ್ಮ ಮಾವನವರು ಇಟ್ಟುಕೊಂಡಿದ್ದ ಬಂದೂಕನ್ನು ಹೊದೆಯುವ ಕೌದಿಯಲ್ಲಿ ಸುತ್ತಿ, ಅದನ್ನು ಒಪ್ಪಿಸಲು ಮನಸ್ಸಿಲ್ಲದೆ ಮುನಿಸಿಕೊಂಡಿದ್ದ ಅವರನ್ನೂ ಕರೆದುಕೊಂಡು ಕೊಕಟನೂರಿನಿಂದ ಅಥಣಿಯ ಬಸ್ಸು ಹತ್ತಿದ್ದೆ. ಅವರು ನಡುದಾರಿಯಲ್ಲಿ ಇಳಿದು ಹಿಂದಿರುಗಿಬಿಟ್ಟಾರೆಂಬುದೇ ನನ್ನ ಚಿಂತೆ.

ಮುಂದಿನ ಸೀಟಿನ ಇಬ್ಬರು ಗೆಳೆಯರು ಎಲ್ಲಿಯೋ ನಡೆದ ಗುಂಡಿನ ದಾಳಿಯ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ವಾದಕ್ಕೆ ಬಿದ್ದರು.

“ಮೊದ್ಲ ಎಲ್ಲಾರ ಬಂದೂಕ ಕಸ್ಕೋಬೇಕ್ ನೋಡು,” ಎಂದರು ಒಬ್ಬರು.

“ಬಂದೂಕ ಏನ್ ಮಾಡತೈತಿ? ತಲ್ಯಾಗ ವಿಷ ತುಂಬಾವ್ರನ್ನ ಹಿಡೀಬೇಕು,” ಎಂದರು ಇನ್ನೊಬ್ಬರು.

ಮಾವನವರ ಮುಖ ಅರಳಿತು. “ಖರೇ ಹೇಳಿದ್ರಿ. ನಡಿಯವಾ, ಇಳದು ಮನೀಗೆ ಹೋಗೂಣು.”

ಅಷ್ಟರಲ್ಲಿ ಮಾತಿಗೆ ಮಾತು ಬೆಳೆದು, ತಲೆಯೊಳಗಿನ ವಿಷದ ಮಾತೆತ್ತಿದವರೇ ಗೆಳೆಯನ ಕೊರಳಪಟ್ಟಿ ಹಿಡಿದರು. ಕಂಡಕ್ಟರು ಬಿಡಿಸಲು ಓಡಿಬಂದರು. ಮಾವನವರ ಎದುರು ನಾನು ಹೆಚ್ಚು ಮಾತನಾಡಿದವಳಲ್ಲ. ಆದರೂ ಮೆಲ್ಲಗೆ ಕೇಳಿದೆ: “ಮಾವಾರ, ಈ ಕೌದಿ ಈಗ ಅವರ ತೊಡಿ ಮ್ಯಾಲ ಇದ್ದಿದ್ರ?”

ಮಾವನವರು ನನ್ನ ತೊಡೆಯ ಮೇಲಿನ ಕೌದಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದರು.

ಠಾಣೆಯಲ್ಲಿ ತಾವೇ ಬಂದೂಕನ್ನು ಮೇಜಿನ ಮೇಲಿಟ್ಟು ರಸೀದಿ ಪಡೆದು, “ಸಾಹೇಬ್ರ, ವಿಷ ತುಂಬೋ ನಾಲಿಗಿ ಯಾವಾಗ ಜಮಾ ಮಾಡ್ಕೋತೀರಿ?” ಎಂದರು.

“ಅಜ್ಜಾರ, ಅದಕ್ಕ ಇಲ್ಲಿ ಜಾಗಾ ಸಾಲೂದಿಲ್ರಿ,” ಎಂದು ಪೊಲೀಸರು ನಕ್ಕರು. ಮಾವನವರೂ ನಕ್ಕರು.

ಹಿಂದಿರುಗುವ ಬಸ್ಸಿನಲ್ಲಿ ಆ ಇಬ್ಬರು ಗೆಳೆಯರೂ ಒಂದೇ ಪೊಟ್ಟಣದ ಶೇಂಗಾ ತಿನ್ನುತ್ತ ಅದೇ ವಾದವನ್ನು ಮುಂದುವರಿಸಿದ್ದರು. ಈ ಸಲ ಮಾವನವರೂ ಮೂರನೆಯವರಾಗಿ ಸೇರಿಕೊಂಡು ಜೋರಾಗಿ ಕೂಗಾಡಿದರು. ನಾನು ಹೆದರಲಿಲ್ಲ, ನನ್ನ ತೊಡೆಯ ಮೇಲೆ ಈಗ ಬರಿಯ ಕೌದಿಯಿತ್ತು.