ಸ್ಕೇಲಿಟ್ಟು ಎಳೆದ ಹೊಳೆ

"ಟೀಚರ್, ನೀವು ಹಿಂಗ ತಿರುವಿದ್ರ ನೀರು ನಮ್ಮ ಗದ್ದಿಗೆ ಮುಟ್ಟಂಗಿಲ್ರಿ!"

ನಾಲ್ಕನೇ ತರಗತಿಯ ರೇಣುಕಾ ಗಾಬರಿಯಿಂದ ಹೀಗೆಂದಾಗ ಅವಳ ಪೆನ್ಸಿಲ್ ನನ್ನ ಕೈಯಲ್ಲಿತ್ತು. ಪುಸ್ತಕ ನೋಡದೆ, ಮನಸ್ಸಿಗೆ ಬಂದಂತೆ ಹೊಳೆಯ ಚಿತ್ರ ಬರೆಯಿರಿ ಎಂದು ಮಕ್ಕಳಿಗೆ ಹೇಳಿದವಳು ನಾನೇ. ಇವಳು ಸ್ಕೇಲಿಟ್ಟು ಹಾಳೆಯ ಈ ತುದಿಯಿಂದ ಆ ತುದಿಗೆ ಎರಡು ನೆಟ್ಟನೆಯ ಗೆರೆ ಎಳೆದು, ನಡುವೆ ನೀಲಿ ತುಂಬಿದ್ದಳು. ನಾನು ಲಿಂಗಸುಗೂರು ಕಡೆಯ ಕೃಷ್ಣಾ ತೀರದವಳು, ಸಿಂಧನೂರಿನ ಹತ್ತಿರದ ಈ ಶಾಲೆಗೆ ವರ್ಗವಾಗಿ ಬಂದವಳು. "ಹೊಳಿ ಹಿಂಗ ನೆಟ್ಟಗ ಹರೀತದೇನವಾ?" ಎನ್ನುತ್ತ ಅವಳ ಗೆರೆ ಅಳಿಸಿ, ಎರಡು ತಿರುವು ಹಾಕಿಕೊಟ್ಟಿದ್ದೆ.

ಅವಳು ಹಾಳೆಯ ಕೊನೆಯಲ್ಲಿದ್ದ ಪುಟ್ಟ ಹಸಿರು ಚೌಕದ ಮೇಲೆ ಬೆರಳಿಟ್ಟಳು. ಅದು ಅವರ ಗದ್ದೆಯಂತೆ. ನೀರಾವರಿ ಕಾಲುವೆಯ ಕಟ್ಟಕಡೆಗೆ ಇರುವುದರಿಂದ ನೀರು ಅಲ್ಲಿಗೆ ಬರುವುದೇ ಕಷ್ಟವಂತೆ. ಆ ಹುಡುಗಿ ಹುಟ್ಟಿದಾಗಿನಿಂದ ನೋಡಿದ ಹರಿಯುವ ನೀರೆಂದರೆ ಆ ನೆಟ್ಟನೆಯ ಕಾಲುವೆಯೊಂದೇ. ತಪ್ಪು ಅವಳದೋ ನನ್ನದೋ ತಿಳಿಯಲಿಲ್ಲ. ರಬ್ಬರ್ ತೆಗೆದುಕೊಂಡು ನಾನು ಹಾಕಿದ ತಿರುವುಗಳನ್ನು ಅಳಿಸಿದೆ. ಅವು ಪೂರ್ತಿ ಹೋಗಲಿಲ್ಲ.

ಉಳಿದ ಮಕ್ಕಳ ಚಿತ್ರಗಳನ್ನು ಮತ್ತೊಮ್ಮೆ ನೋಡಿದೆ. ಎಲ್ಲದರಲ್ಲೂ ಎರಡು ಗುಡ್ಡ, ನಡುವೆ ಸೂರ್ಯ, ಬಳುಕುತ್ತ ಇಳಿಯುವ ಹೊಳೆ. ನಮ್ಮ ಶಾಲೆಯ ಸುತ್ತ ಎಲ್ಲಿ ನೋಡಿದರೂ ಭತ್ತದ ಬಯಲು, ಗುಡ್ಡವೇ ಇಲ್ಲ. ಆದರೂ ಅವೆಲ್ಲದರ ಕೆಳಗೆ ಕೆಂಪು ಪೆನ್ನಿನಲ್ಲಿ 'ಚೆಂದ' ಎಂದು ಬರೆದಿದ್ದೆ. ರೇಣುಕಾಳ ಹಾಳೆ ಇನ್ನೂ ನನ್ನ ಬಳಿಯೇ ಇದೆ. ಅದರ ಕೆಳಗೆ ಏನು ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ.