ಚೆಕ್‌ಪೋಸ್ಟ್‌ನಲ್ಲಿ ನಿಂತ ಹಕ್ಕಿ

ಮೇಡಂ, ನೀವು ನನ್ನ ಕೈಗೆ ಕೊಟ್ಟ ಮೊದಲ ಗೊರವ ಹಕ್ಕಿ ಹಾರಿಹೋಗಲಿಲ್ಲ. ಅದು ಸತ್ತಿತು — ನನ್ನಿಂದ ಸತ್ತಿತು.

ತೊಂಬತ್ತರ ದಶಕದ ಕೊನೆ. ಚಳಿಗಾಲಕ್ಕೆ ನಮ್ಮ ಉಡಿಗಾಲದ ಕೆರೆಗೆ ಬರುವ ಹಕ್ಕಿಗಳು ವಾಪಸು ಯಾವ ದಾರಿ ಹಿಡಿಯುತ್ತವೆಂದು ತಿಳಿಯಲು ನೀವು ಬಂದಿದ್ದಿರಿ. ನಾನು ನಿಮ್ಮ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ. ಆ ಉದ್ದ ಕೊಕ್ಕಿನ ಹಕ್ಕಿಯ ಬೆನ್ನಿಗೆ ಪುಟ್ಟ ಯಂತ್ರ ಅಂಟಿಸಿ, ಅದು ಎಲ್ಲಿದ್ದರೂ ಉಪಗ್ರಹ ಹೇಳುತ್ತದೆ ಎಂದಿರಿ. "ಅಂಟು ಒಣಗೋ ತನಕ ಬುಟ್ಟೀಲಿ, ನೆರಳಲ್ಲಿ ಇರ್ಲಿ ಮಾದೇವಿ. ಆಮೇಲೆ ಬಿಟ್ಬಿಡು" ಎಂದು ಹೇಳಿ, ಫೋನ್ ಮಾಡಲು ಚಾಮರಾಜನಗರಕ್ಕೆ ಹೋದಿರಿ.

ಹಕ್ಕಿ ನಡುಗುತ್ತಿತ್ತು. ಚಳಿ ಇರಬೇಕು ಅಂದುಕೊಂಡೆ. ರೇಷ್ಮೆ ಸಾಕುವ ಮನೆಯವಳು ನಾನು — ಇದ್ದಿಲ ಒಲೆ ಇಟ್ಟು ಬೆಚ್ಚಗೆ ಮಾಡಿದ್ದ ಹುಳದ ಮನೆಯೊಳಗೆ ಬುಟ್ಟಿ ಇಟ್ಟು ಬಾಗಿಲು ಮುಚ್ಚಿದೆ. ಹುಳಕ್ಕೆ ಹಿತವಾದದ್ದು ಹಕ್ಕಿಗೂ ಹಿತ ಅಂತ... ಬಾಗಿಲು ತೆರೆದಾಗ ಅದರ ಕತ್ತು ಜೋತುಬಿದ್ದಿತ್ತು. ನೆರಳು ಎಂದಿದ್ದಿರಿ. ನಾನು ಕೇಳಲಿಲ್ಲ.

ಹಿಪ್ಪುನೇರಳೆ ಗಿಡದ ಬುಡದಲ್ಲಿ ಹೂತೆ. ಯಂತ್ರ ಕದಲದಿದ್ದರೆ ನಿಮಗೆ ಗೊತ್ತಾಗಿಬಿಡುತ್ತದಲ್ಲ — ಹೂಳುವ ಮೊದಲೇ ಕಿತ್ತಿಟ್ಟಿದ್ದ ಅದನ್ನು ಗುಂಡ್ಲುಪೇಟೆ ಕಡೆ ಹೊರಟಿದ್ದ ಅರಿಸಿನದ ಲಾರಿಯ ಟಾರ್ಪಾಲಿನ ಹಗ್ಗಕ್ಕೆ ಸಿಕ್ಕಿಸಿದೆ. ನೀವು ಬಂದು ಕೇಳಿದಾಗ, ಆಕಾಶದ ಕಡೆ ಕೈ ತೋರಿಸಿ "ಆರೋಯ್ತು ಕಣಿ ಮೇಡಮ್ಮೋರೆ" ಅಂದೆ. ನೀವು ಖುಷಿಯಿಂದ ನನ್ನನ್ನು ತಬ್ಬಿಕೊಂಡಿರಿ.

ಕೆಲವು ವಾರಗಳ ಮೇಲೆ ನಕ್ಷೆ ಹರಡಿಕೊಂಡು ಕೂತಿರಿ. ಗುಂಡ್ಲುಪೇಟೆ, ಕಾಡಂಚಿನ ಮದ್ದೂರು ಚೆಕ್‌ಪೋಸ್ಟ್, ಕೇರಳ — ಗುರುತುಗಳೆಲ್ಲ ರಸ್ತೆಯ ಮೇಲೆಯೇ ಇದ್ದವು. ನನ್ನ ಮುಖ ನೋಡಿದಿರಿ. "ಹಕ್ಕಿ ಚೆಕ್‌ಪೋಸ್ಟ್‌ನಲ್ಲಿ ನಿಂತು ಹೋಗಿದ್ದು ಇದೇ ಮೊದಲು ಕಣೆ" ಅಂದಿರಿ. ಆಗಲಾದರೂ ಹೇಳಬೇಕಿತ್ತು — ಹೇಳಲಿಲ್ಲ. ನೀವೂ ಕೆದಕಲಿಲ್ಲ, ಒಂದಿಡೀ ಚಳಿಗಾಲದ ನಿಮ್ಮ ಶ್ರಮವನ್ನು ಸುಮ್ಮನೆ ಕೈಬಿಟ್ಟಿರಿ.

ಮರುವರ್ಷ ಇನ್ನೊಂದು ಹಕ್ಕಿಯನ್ನು ಮತ್ತೆ ನನ್ನ ಕೈಗೇ ಕೊಟ್ಟಿರಿ! ನಿಮ್ಮ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಕೆರೆ ಏರಿ ಹತ್ತಲೂ ಬಿಡುತ್ತಿರಲಿಲ್ಲ. ಆ ಹಕ್ಕಿ ನನ್ನ ಅಂಗೈಯಿಂದ ಎದ್ದು ಹಿಮಾಲಯ ದಾಟಿತು. ಹಕ್ಕಿ ನೋಡಿಕೊಳ್ಳುವ ಆ ಕೆಲಸವೇ ನನಗೆ ಅನ್ನವಾಯಿತು. ಅದರಲ್ಲೇ ಮಕ್ಕಳು ಓದಿದರು. ನಿಮ್ಮನ್ನು ನೆನೆಯದೆ ಒಂದು ತುತ್ತು ಎತ್ತಿದವಳಲ್ಲ ನಾನು. ಆದರೂ ನೆನೆದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ.

ಈ ಚಳಿಗಾಲ ನೀವು ಬಂದಾಗ ಮೊದಲು ಕೆರೆಗೆ ಹೋಗುವುದು ಬೇಡ. ಹಿಪ್ಪುನೇರಳೆ ತೋಟಕ್ಕೆ ಕರೆದೊಯ್ದು ಆ ಜಾಗ ತೋರಿಸುತ್ತೇನೆ. ಈ ಕಾಗದದಲ್ಲಿ ಬರೆದದ್ದಷ್ಟೇ ಸಾಲದು, ಅಲ್ಲಿ ನಿಂತು ನನ್ನ ಬಾಯಿಂದಲೇ ಹೇಳುತ್ತೇನೆ —

"ಆರ್ಲಿಲ್ಲ ಕಣಿ ಮೇಡಮ್ಮೋರೆ."